ಕೆಲಿಡೋಸ್ಕೋಪ್ ಕ್ವಿಲ್ಟ್‌ನ ಗುಟ್ಟು ಇರುವುದು ತ್ರಿಕೋನದ ಅಂಚಿನಲ್ಲಿ

ಪ್ರಶ್ನೆ: ಚೌಕಗಳನ್ನು ಜೋಡಿಸಿ ಸಾದಾ ಕ್ವಿಲ್ಟ್ (ಕೌದಿಯಂಥ ಹೊದಿಕೆ) ಹೊಲಿಯುವ ಅಭ್ಯಾಸ ನನಗಿದೆ. ಒಂದೇ ಬಟ್ಟೆಯ ಚಿತ್ತಾರವನ್ನು ಮತ್ತೆ ಮತ್ತೆ ಕತ್ತರಿಸಿ ಕೆಲಿಡೋಸ್ಕೋಪಿನಂತೆ (ಒಳಗೆ ಕನ್ನಡಿಗಳಿದ್ದು, ತಿರುಗಿಸಿದರೆ ಚಿತ್ತಾರ ತೋರುವ ಕೊಳವೆ) ಕಾಣುವ ಕ್ವಿಲ್ಟ್ ಮಾಡುವ ಆಸೆಯಿಂದ ದೊಡ್ಡ ಹೂಗಳ ಹತ್ತಿ ಬಟ್ಟೆ 3 ಮೀಟರ್ ತಂದಿದ್ದೇನೆ. ಎರಡು ಕನ್ನಡಿ ಜೋಡಿಸಿ ಬಟ್ಟೆಯ ಮೇಲಿಟ್ಟು, ಚೆನ್ನಾಗಿ ಕಂಡ ಭಾಗವನ್ನೇ ಆರು ಸಲ ತ್ರಿಕೋನವಾಗಿ ಕತ್ತರಿಸಿ ಹೊಲಿದೆ. ಕನ್ನಡಿಯಲ್ಲಿ ಕಂಡ ವಿನ್ಯಾಸ ಬರಲೇ ಇಲ್ಲ. ಸಾಲದ್ದಕ್ಕೆ ನಡುಭಾಗ ಉಬ್ಬಿ ನಿಂತಿದೆ, ಇಸ್ತ್ರಿ ಹಾಕಿದರೂ ಕೂರುತ್ತಿಲ್ಲ. ಎಲ್ಲಿ ತಪ್ಪಿದೆ? ಬಟ್ಟೆ ಎಷ್ಟು ಬೇಕು? ಯಾವ ಕ್ರಮದಲ್ಲಿ ಕಲಿಯಲಿ?

ಉತ್ತರ: ನಿಮ್ಮ ಎರಡು ತೊಂದರೆಗಳಿಗೂ ಮೂಲ ಬೇರೆ ಬೇರೆ. ನಡು ಉಬ್ಬಿರುವುದು ಹೊಲಿಗೆಯ ದೋಷ. ಅದನ್ನು ಮುಂದೆ ವಿವರವಾಗಿ ನೋಡೋಣ. ವಿನ್ಯಾಸ ಬರದೇ ಹೋದದ್ದು ಮಾತ್ರ ನಿಮ್ಮ ಕೈತಪ್ಪಲ್ಲ. ಕನ್ನಡಿ ತೋರಿಸುವುದೇ ಒಂದು, ಕತ್ತರಿಸಿದ ಬಟ್ಟೆ ಕೊಡುವುದೇ ಇನ್ನೊಂದು. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಅರ್ಧ ವಿದ್ಯೆ ಬಂದಂತೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1816ರಲ್ಲಿ ಕೆಲಿಡೋಸ್ಕೋಪ್ ಕಂಡುಹಿಡಿದು 1817ರಲ್ಲಿ ಪೇಟೆಂಟ್ ಪಡೆದ. ಅದರೊಳಗಿನ ಕೆಲಸ ಇಷ್ಟೇ: ಎರಡು ಕನ್ನಡಿಗಳನ್ನು 60 ಡಿಗ್ರಿ ಕೋನದಲ್ಲಿ ನಿಲ್ಲಿಸಿದರೆ ಒಂದು ಹೋಳು ಆರಾಗಿ ಕಾಣುತ್ತದೆ, 45 ಡಿಗ್ರಿಯಲ್ಲಿ ನಿಲ್ಲಿಸಿದರೆ ಎಂಟಾಗಿ. ಆದರೆ ಆ ಆರೂ ಒಂದೇ ಥರ ಇರುವುದಿಲ್ಲ. ಒಂದು ನೇರ, ಪಕ್ಕದ್ದು ತಿರುವುಮುರುವು, ಮತ್ತೆ ನೇರ, ಮತ್ತೆ ತಿರುವುಮುರುವು. ಆದ್ದರಿಂದ ಪ್ರತಿ ಗಡಿಯಲ್ಲೂ ಒಂದು ಅಂಚು ತನ್ನದೇ ಪ್ರತಿಬಿಂಬವನ್ನು ಮುಟ್ಟುತ್ತದೆ, ಗೆರೆಗಳು ಎಲ್ಲೂ ತುಂಡಾಗುವುದಿಲ್ಲ.

ಬಟ್ಟೆಯಲ್ಲಿ ನೀವು ಕತ್ತರಿಸಿದ್ದು ಆರು ನೇರ ಹೋಳುಗಳನ್ನು. ತಿರುವುಮುರುವು ಹೋಳು ಅಲ್ಲಿ ಇಲ್ಲವೇ ಇಲ್ಲ. ಅವನ್ನು ಸುತ್ತಲೂ ಜೋಡಿಸಿದಾಗ ಒಂದರ ಬಲ ಅಂಚು ಮುಂದಿನದರ ಎಡ ಅಂಚನ್ನು ಮುಟ್ಟುತ್ತದೆ. ಬಲ ಅಂಚಿನಲ್ಲಿ ಎಲೆ, ಎಡ ಅಂಚಿನಲ್ಲಿ ದಳ ಇದ್ದರೆ ಎಲೆಗೆ ದಳ ಡಿಕ್ಕಿ ಹೊಡೆಯುತ್ತದೆ. ಫಲಿತಾಂಶ ಸುತ್ತುವ ಗಿರಿಗಿಟ್ಲೆಯಂಥ ವಿನ್ಯಾಸ. ಅದೂ ಚೆಂದವೇ, ಇಡೀ ಕ್ವಿಲ್ಟನ್ನು ಹಾಗೆಯೇ ಮಾಡುವವರು ಬಹಳ ಜನ. ಆದರೆ ಕನ್ನಡಿಯಲ್ಲಿ ಕಂಡದ್ದು ಅದಲ್ಲ.

ಹಾಗಾದರೆ ಕನ್ನಡಿ ಯಾವಾಗ ನಿಜ ಹೇಳುತ್ತದೆ? ಹೋಳಿನ ನಡುಗೆರೆಯ ಎಡಬಲ ಎರಡೂ ಒಂದೇ ಥರ ಇದ್ದಾಗ. ಮುಖಾಮುಖಿ ಹಕ್ಕಿಗಳು, ಎಡಬಲ ಸಮನಾದ ಹೂಗುಚ್ಛ, ಪದಕದಂಥ ಚಿತ್ತಾರ, ಇಂಥದರ ನಡುಗೆರೆಯ ಮೇಲೆ ತ್ರಿಕೋನದ ನಡುಗೆರೆ ಕೂರಿಸಿದರೆ ತಿರುವುಮುರುವು ಮಾಡಿದರೂ ಅದೇ ಚಿತ್ರ. ಆಗ ಎಡ ಅಂಚೂ ಬಲ ಅಂಚೂ ಒಂದಕ್ಕೊಂದು ಪ್ರತಿಬಿಂಬ. ಹೊಲಿದ ಮೇಲೆ ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಆದ್ದರಿಂದ ಬಟ್ಟೆಯ ಮೇಲೆ ಸ್ಕೇಲ್ ಇಟ್ಟಾಗ ತ್ರಿಕೋನದ ಹೊಟ್ಟೆಯಲ್ಲಿ ಎಷ್ಟು ಚೆಂದದ ಹೂವಿದೆ ಎಂದು ನೋಡಿ ಮರುಳಾಗಬೇಡಿ. ಎರಡು ಅಂಚುಗಳನ್ನು ನೋಡಿ. ವಿನ್ಯಾಸ ಹುಟ್ಟುವುದು ಅಲ್ಲಿ. ಅಂಚಿನಲ್ಲಿ ಎರಡೂ ಕಡೆ ಒಂದೇ ಗಾಢ ಬಣ್ಣದ ನೆಲ ಇದ್ದರೂ ಸಾಕು, ಚಿತ್ರ ಸಮನಾಗಿರದಿದ್ದರೂ ಹೊಲಿಗೆ ಮರೆಯಾಗುತ್ತದೆ. ಅಂಚನ್ನು ಅಡ್ಡಹಾಯುವ ದಪ್ಪ ಬಳ್ಳಿ ನಕ್ಷತ್ರದ ಗೆರೆಯಾಗುತ್ತದೆ. ತುದಿಯ ಹತ್ತಿರ ಇರುವ ಒಂದು ಕೆಂಪು ಚುಕ್ಕೆ ನಡುವಿನಲ್ಲಿ ಆರು ಎಸಳಾಗುತ್ತದೆ. ತ್ರಿಕೋನದ ನಟ್ಟನಡುವೆ ಕೂತ ಪೂರ್ತಿ ಹೂವು ಮಾತ್ರ ಆರು ಸಲ ಅದೇ ಹೂವಾಗಿ ಉಳಿಯುತ್ತದೆ, ಬೇರೇನೂ ಆಗುವುದಿಲ್ಲ.

ಮೊದಲೇ ನೋಡಿಕೊಳ್ಳಲು ಕನ್ನಡಿಗಿಂತ ನಂಬಿಕೆಯ ದಾರಿ ಇದು: ಬಟ್ಟೆಯ ಫೋಟೊ ನೇರ ಮೇಲಿನಿಂದ ತೆಗೆದು ಆರು ಪ್ರತಿ ಪ್ರಿಂಟ್ ಹಾಕಿಸಿ, ಒಂದೇ ಜಾಗದಿಂದ ಆರು ತ್ರಿಕೋನ ಕತ್ತರಿಸಿ ಮೇಜಿನ ಮೇಲೆ ಜೋಡಿಸಿ. ಹೊಲಿಗೆಗೆ ಹೋಗುವ ಕಾಲು ಇಂಚನ್ನು ಕಾಗದದಲ್ಲೇ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಕಾಗದವೂ ಸುಳ್ಳು ಹೇಳುತ್ತದೆ.

ಎಂಥ ಬಟ್ಟೆ

ಚಿತ್ತಾರ ನೀವು ಕತ್ತರಿಸುವ ತುಂಡಿಗಿಂತ ದೊಡ್ಡದಿರಬೇಕು. ನಾಲ್ಕು ಇಂಚಿನ ತ್ರಿಕೋನಕ್ಕೆ ಅಂಗೈಗಿಂತ ಅಗಲದ ಹೂಗಳು, ಉದ್ದ ಬಳ್ಳಿಗಳು ಒಳ್ಳೆಯದು. ಒಂದೆರಡು ಇಂಚಿಗೊಮ್ಮೆ ಮರುಕಳಿಸುವ ಸಣ್ಣ ಹೂಗಳ ಬಟ್ಟೆಯಲ್ಲಿ ಎಲ್ಲಿ ಕತ್ತರಿಸಿದರೂ ಒಂದೇ ಥರದ ಷಟ್ಕೋನ ಬರುತ್ತದೆ. ನೆಲ ತುಂಬ ಖಾಲಿ ಇರುವ ಬಟ್ಟೆಯೂ ಕಷ್ಟ. ಅರ್ಧಕ್ಕರ್ಧ ತ್ರಿಕೋನಗಳಲ್ಲಿ ಏನೂ ಸಿಗುವುದಿಲ್ಲ. ಬಣ್ಣಗಳು ಎಷ್ಟಿವೆ ಎನ್ನುವುದಕ್ಕಿಂತ ಗಾಢ, ನಡುಮಟ್ಟ, ತಿಳಿ ಮೂರೂ ಇವೆಯೇ ಎನ್ನುವುದು ಮುಖ್ಯ. ಫೋಟೊ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಎಲ್ಲ ಒಂದೇ ಬೂದು ಆಗಿ ಕಂಡರೆ ಆ ಬಟ್ಟೆಯನ್ನು ಬಿಟ್ಟುಬಿಡಿ, ಕಣ್ಣಿಗೆ ಎಷ್ಟೇ ಹಿಡಿಸಿದ್ದರೂ.

ಕೈಯಿಂದ ಅಚ್ಚು ಒತ್ತಿದ ಬಟ್ಟೆಯಲ್ಲಿ ಚಿತ್ತಾರದ ನಡುವಿನ ಅಂತರ ಪ್ರತಿ ಒತ್ತಿಗೂ ಒಂದಿಷ್ಟು ಬದಲಾಗುತ್ತದೆ. ಬಟ್ಟೆಯ ಹಲವು ಪದರಗಳನ್ನು ಚಿತ್ತಾರದ ಮೇಲೆ ಚಿತ್ತಾರ ಬರುವಂತೆ ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸುವ ವಿಧಾನಕ್ಕೆ (ಅದನ್ನು ಮುಂದೆ ಹೇಳುತ್ತೇನೆ) ಅದು ಆಗದು. ಅಂಥದನ್ನು ಒಂದೊಂದಾಗಿ ಅಚ್ಚುಹಾಳೆ (ಹೋಳಿನ ಆಕಾರಕ್ಕೆ ಕತ್ತರಿಸಿದ ಪಾರದರ್ಶಕ ಹಾಳೆ) ಇಟ್ಟು ಕತ್ತರಿಸಬೇಕು.

ರಿಪೀಟ್ ಅಳೆಯುವುದು, ಬಟ್ಟೆಯ ಲೆಕ್ಕ

ಮೊದಲು ಇಡೀ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿ, ಆಮೇಲೆ ಅಳೆಯಿರಿ. ಇದನ್ನು ಹಿಂದುಮುಂದು ಮಾಡಬಾರದು. ಅಳೆದು ಕತ್ತರಿಸಿದ ಮೇಲೆ ಇಸ್ತ್ರಿ ಹಾಕಿದರೆ ಒಂದೊಂದು ತುಂಡು ಒಂದೊಂದು ಅಳತೆಗೆ ಕುಗ್ಗುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಎಳೆಯಬೇಡಿ, ಎತ್ತಿ ಎತ್ತಿ ಇಡಿ. ಬಣ್ಣ ಬಿಡುವ ಬಟ್ಟೆ ಅಲ್ಲದಿದ್ದರೆ ಒಗೆಯದಿರುವುದು ಮೇಲು; ಒಗೆಯಲೇಬೇಕಾದರೆ ತುಂಡು ಮಾಡುವ ಮುಂಚೆ ಪೂರ್ತಿ ಬಟ್ಟೆಯನ್ನು ಒಟ್ಟಿಗೆ ಒಗೆಯಿರಿ.

ಈಗ ಬಟ್ಟೆಯ ಉದ್ದಂಚಿನ ಪಕ್ಕ ಸ್ಪಷ್ಟವಾಗಿ ಗುರುತು ಸಿಗುವ ಒಂದು ಬಿಂದು ಆರಿಸಿ. ಒಂದು ಎಲೆಯ ಚೂಪು ತುದಿ, ಹೂವಿನ ನಡುವಿನ ಕಪ್ಪು ಚುಕ್ಕೆ, ಹೀಗೆ. ಉದ್ದಂಚಿಗೆ ಸಮಾನಾಂತರವಾಗಿ ಟೇಪ್ ಹಿಡಿದು ಮುಂದೆ ಹೋಗಿ. ಅದೇ ಬಿಂದು, ಅದೇ ದಿಕ್ಕು, ಅದೇ ನೆರೆಹೊರೆಯೊಂದಿಗೆ ಮತ್ತೆ ಸಿಗುವವರೆಗಿನ ದೂರವೇ ಒಂದು ರಿಪೀಟ್. ನೆರೆಹೊರೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅನೇಕ ವಿನ್ಯಾಸಗಳಲ್ಲಿ ಒಂದೇ ಹೂವನ್ನು ನಡುವೆ ಒಮ್ಮೆ ತಿರುಗಿಸಿ, ಇಲ್ಲವೇ ಮಗುಚಿ ಮತ್ತೆ ಹಾಕಿರುತ್ತಾರೆ. ಇನ್ನು ಕೆಲವದರಲ್ಲಿ ಪಕ್ಕದ ಕಂಬಸಾಲು ಅರ್ಧ ರಿಪೀಟಿನಷ್ಟು ಕೆಳಗೆ ಜಾರಿರುತ್ತದೆ. ಹೂವೊಂದನ್ನೇ ನೋಡಿ ಅಳೆದರೆ ಮೋಸ ಹೋಗುತ್ತೀರಿ. ಸುತ್ತ ಮೂರು ಗುರುತು ತಾಳೆಯಾದರೆ ಮಾತ್ರ ಒಪ್ಪಿಕೊಳ್ಳಿ.

ಉರುಳೆ ಪರದೆಯಲ್ಲಿ ಮುದ್ರಿಸಿದ ಬಟ್ಟೆಗಳಲ್ಲಿ ರಿಪೀಟ್ 64 ಸೆಂ.ಮೀ. ಅಥವಾ ಅದರ ಸಮಭಾಗ, ಅಂದರೆ 32 ಸೆಂ.ಮೀ., ಸುಮಾರು 21 ಸೆಂ.ಮೀ. ಇರುವುದು ಸಾಮಾನ್ಯ, ಆ ಉರುಳೆಯ ಸುತ್ತಳತೆ ಬಹುಮಟ್ಟಿಗೆ 64 ಸೆಂ.ಮೀ. ಇರುವುದೇ ಇದಕ್ಕೆ ಕಾರಣ. 24 ಇಂಚಿನದೂ 12 ಇಂಚಿನದೂ ಸಿಗುತ್ತವೆ. ಕೊಳ್ಳುವಾಗ ಮೀಟರ್ ಲೆಕ್ಕ ಹಾಕಬೇಡಿ, ರಿಪೀಟ್ ಲೆಕ್ಕ ಹಾಕಿ. ಹೋಳಿಗೊಂದು ಪದರ, ಪದರಕ್ಕೊಂದು ರಿಪೀಟ್ ಬೇಕು: ಷಟ್ಕೋನಕ್ಕೆ ಪೂರ್ತಿ ಆರು ರಿಪೀಟ್, ಅಷ್ಟಕೋನಕ್ಕೆ ಎಂಟು. 64 ಸೆಂ.ಮೀ. ರಿಪೀಟಿಗೆ ಆರೆಂದರೆ 384 ಸೆಂ.ಮೀ.; ತುದಿ ಸರಿಮಾಡಲು ಸೇರಿಸಿ 4 ಮೀಟರ್. ಎಂಟಕ್ಕೆ 5¼ ಮೀಟರ್.

ನಿಮ್ಮಲ್ಲಿರುವುದು 3 ಮೀಟರ್. ಅದರ ರಿಪೀಟ್ 64 ಸೆಂ.ಮೀ. ಆಗಿದ್ದರೆ ನಾಲ್ಕೇ ರಿಪೀಟ್ ಸಿಗುತ್ತದೆ, ಷಟ್ಕೋನಕ್ಕೆ ಸಾಲದು. ಬೇಸರ ಬೇಡ. ನಾಲ್ಕು ಪದರದಿಂದ ಚೌಕಗಳನ್ನು ಕತ್ತರಿಸಿ ನಾಲ್ಕನ್ನು ಸುತ್ತಲೂ ತಿರುಗಿಸಿ ಜೋಡಿಸುವ ವಿಧಾನಕ್ಕೆ ಅದು ಹೇಳಿ ಮಾಡಿಸಿದ ಅಳತೆ, ಮತ್ತು ಕಲಿಕೆಗೆ ಮೊದಲ ಪಾಠವಾಗಿ ನಾನು ಹೇಳುವುದೂ ಅದನ್ನೇ. ಇಲ್ಲಿ ಕ್ರಾಸ್ ಅಂಚು (ನೇಯ್ಗೆಗೆ ಓರೆಯಾಗಿ ಕತ್ತರಿಸಿದ, ಎಳೆದರೆ ಹಿಗ್ಗುವ ಅಂಚು) ಇಲ್ಲ, ನಡುವೆ ನಾಲ್ಕೇ ಮೂಲೆ ಸೇರುತ್ತವೆ. ಪದರ ಹೊಂದಿಸುವುದನ್ನೂ ಅಂಚು ಓದುವುದನ್ನೂ ನಿಶ್ಚಿಂತೆಯಿಂದ ಕಲಿಯಬಹುದು. 3½ ಇಂಚಿನ ಚೌಕ ಕತ್ತರಿಸಿದರೆ ನಾಲ್ಕು ಸೇರಿಸಿ ಹೊಲಿದ ಬ್ಲಾಕ್ 6 ಇಂಚು. 64 ಸೆಂ.ಮೀ. ಎತ್ತರದಲ್ಲಿ 7 ಪಟ್ಟಿ, ಪ್ರತಿ ಪಟ್ಟಿಯಲ್ಲಿ ಚೌಕದ 10 ಕಟ್ಟು (ನಾಲ್ಕು ಪದರದ ಒಂದೇ ಥರದ ನಾಲ್ಕು ಚೌಕ ಸೇರಿ ಒಂದು ಕಟ್ಟು), ಒಟ್ಟು 70 ಬ್ಲಾಕ್. 7ಕ್ಕೆ 10ರಂತೆ ಜೋಡಿಸಿದರೆ 42 × 60 ಇಂಚಿನ ಮೇಲ್ಪದರ ಆಗುತ್ತದೆ. ಒಂದೇ ಕಟ್ಟಿನ ಯಾವ ಮೂಲೆಯನ್ನು ನಡುವಿಗೆ ತಿರುಗಿಸಿದಿರಿ ಎನ್ನುವುದರ ಮೇಲೆ ನಾಲ್ಕು ಬೇರೆ ಬೇರೆ ಬ್ಲಾಕ್ ಬರುತ್ತವೆ. ನಾಲ್ಕನ್ನೂ ಇಟ್ಟು ನೋಡದೆ ಹೊಲಿಯಬೇಡಿ.

ರಿಪೀಟ್ 32 ಸೆಂ.ಮೀ. ಆಗಿದ್ದರೆ 3 ಮೀಟರಿನಲ್ಲಿ ಒಂಬತ್ತು ಸಿಗುತ್ತದೆ. ಆಗ ಆರು ಪದರ ಆರಾಮಾಗಿ ಆಗುತ್ತದೆ, ಸುಮಾರು 48 ಷಟ್ಕೋನ ಬರುತ್ತವೆ. ಮಗುವಿನ ಹೊದಿಕೆಗೋ ಗೋಡೆಗೋ ಸಾಕು.

ಪದರಗಳನ್ನು ಹೊಂದಿಸುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಕೇಳುವ ಹಂತ ಇದು. ಇಲ್ಲಿ ಉಳಿಸಿದ ಅರ್ಧ ಗಂಟೆ ಕೊನೆಯವರೆಗೂ ಕಾಡುತ್ತದೆ.

ಒಂದೇ ಬಿಂದುವಿನಿಂದ ಶುರುಮಾಡಿ ಒಂದೊಂದು ರಿಪೀಟ್ ಉದ್ದದ ಫಲಕಗಳನ್ನು ಕತ್ತರಿಸಿ. ಎಲ್ಲದರ ಎಡ ಉದ್ದಂಚು ಎಡಕ್ಕೇ ಇರಲಿ, ಎಲ್ಲದರ ಮುಖ ಮೇಲಕ್ಕೇ ಇರಲಿ. ಒಂದು ಫಲಕ ತಲೆಕೆಳಗಾದರೂ ಇಡೀ ಕಟ್ಟು ಹಾಳು. 42 ಇಂಚು ಅಗಲದ ಫಲಕಗಳನ್ನು ಹಾಗೇ ಹೊಂದಿಸುವುದು ಕಷ್ಟ. ಎಲ್ಲ ಫಲಕಗಳನ್ನೂ ಅದೇ ಹೂವಿನ ಪಕ್ಕದಲ್ಲಿ ಲಂಬವಾಗಿ ಎರಡು ಭಾಗ ಮಾಡಿಕೊಂಡು ಎರಡು ಕಟ್ಟು ಮಾಡಿ.

ಅಂಚಿಗೆ ಅಂಚು ಹೊಂದಿಸಿದರೆ ಚಿತ್ತಾರ ಹೊಂದಿತು ಎಂದುಕೊಳ್ಳಬೇಡಿ. ಮುದ್ರಣ ಎಷ್ಟೋ ಸಲ ಹಾಸುಹೊಕ್ಕಿಗೆ ನೇರವಾಗಿರುವುದಿಲ್ಲ, ಸ್ವಲ್ಪ ಓರೆಯಾಗಿರುತ್ತದೆ. ಚಿತ್ತಾರವನ್ನೇ ಚಿತ್ತಾರಕ್ಕೆ ಹೊಂದಿಸಬೇಕು. ಚಪ್ಪಟೆ ತಲೆಯ ಉದ್ದ ಗುಂಡುಸೂಜಿ ತೆಗೆದುಕೊಳ್ಳಿ. ಮೇಲಿನ ಪದರದಲ್ಲಿ ಆರಿಸಿದ ಚುಕ್ಕೆಗೆ ನೇರ ಕೆಳಕ್ಕೆ ಚುಚ್ಚಿ, ಪದರದ ಅಂಚು ಎತ್ತಿ ಎರಡನೆಯ ಪದರದ ಅದೇ ಚುಕ್ಕೆಗೆ ಸೂಜಿಮೊನೆ ತಾಗಿಸಿ ಚುಚ್ಚಿ, ಹೀಗೆ ಕೊನೆಯ ಪದರದವರೆಗೆ. ಸೂಜಿ ಕಂಬದಂತೆ ನೆಟ್ಟಗೆ ನಿಲ್ಲಬೇಕು. ನಾಲ್ಕೈದು ಇಂಚಿಗೊಂದರಂತೆ ಹೀಗೆ ನೆಟ್ಟ ಮೇಲೆ ಅಂಗೈಯಿಂದ ಬಟ್ಟೆ ಸವರಿ ಸಮ ಮಾಡಿ. ಆ ಸೂಜಿಯನ್ನೇ ಬಗ್ಗಿಸಿ ಮತ್ತೆ ಮೇಲಕ್ಕೆ ಪೋಣಿಸಿದರೆ ಪದರಗಳು ಒಂದೆರಡು ಮಿಲಿಮೀಟರ್ ಸರಿಯುತ್ತವೆ. ಅದು ನೆಟ್ಟಗೇ ಇರಲಿ. ಅದರ ಪಕ್ಕ ಇನ್ನೊಂದು ಸೂಜಿಯನ್ನು ಅಡ್ಡಲಾಗಿ ಪೋಣಿಸಿ ಬಿಗಿಮಾಡಿ, ಆಮೇಲೆ ಮೊದಲನೆಯದನ್ನು ಕೀಳಿ.

1 ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣದು. 3 ಮಿ.ಮೀ. ಆದರೆ ನಡುವಿನ ನಕ್ಷತ್ರದ ಒಂದು ಕೈ ಮೊಂಡಾಗುತ್ತದೆ. ಪ್ರತಿ ಪಟ್ಟಿ ಕತ್ತರಿಸಿದ ಮೇಲೂ ಮುಂದಿನ ಪಟ್ಟಿಯ ಜಾಗದಲ್ಲಿ ಮತ್ತೊಮ್ಮೆ ಸೂಜಿ ಚುಚ್ಚಿ ಪರೀಕ್ಷಿಸಿ.

ಕತ್ತರಿಸುವುದು

ರೋಟರಿ ಕಟರಿನ (ಚಕ್ರದಂತೆ ಉರುಳಿ ಕತ್ತರಿಸುವ ಸಾಧನ) ಬ್ಲೇಡ್ ಹೊಸದಿರಲಿ. ಆರು ಪದರಕ್ಕೆ 45 ಮಿ.ಮೀ. ಅಡ್ಡಳತೆಯ ಬ್ಲೇಡ್ ಸಾಕಾಗುತ್ತದೆ, 60 ಮಿ.ಮೀ. ಇದ್ದರೆ ಕೈಗೆ ಶ್ರಮ ಕಡಿಮೆ. ಮೊಂಡು ಬ್ಲೇಡ್ ಕೆಳಗಿನ ಪದರವನ್ನು ತಳ್ಳಿಕೊಂಡು ಹೋಗುತ್ತದೆ. ಮೇಲಿನ ತ್ರಿಕೋನಕ್ಕೂ ಕೆಳಗಿನದಕ್ಕೂ ಅಳತೆ ಬೇರೆಯಾಗುವುದು ಹಾಗೆ. ಕಟರನ್ನು ಓರೆ ಹಿಡಿದರೂ ಅದೇ ಫಲ.

ಷಟ್ಕೋನಕ್ಕೆ 3¾ ಇಂಚಿನ ಪಟ್ಟಿ ಕತ್ತರಿಸಿ, ಅದರಿಂದ 60 ಡಿಗ್ರಿ ಗೆರೆ ಇರುವ ಸ್ಕೇಲಿನಲ್ಲಿ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಓರೆ ಮಾಡುತ್ತ ಸಮಭುಜ ತ್ರಿಕೋನ ಕತ್ತರಿಸುತ್ತ ಹೋಗಿ. 3¾ ಯಾಕೆಂದರೆ ಸಮಭುಜ ತ್ರಿಕೋನದ ಎತ್ತರಕ್ಕೆ ಹೊಲಿಗೆ ಮಾರ್ಜಿನ್ನಿನ (ಹೊಲಿಗೆಯಾಚೆ ಬಿಡುವ ಬಟ್ಟೆ) ಮೂರು ಪಟ್ಟು ಸೇರಿಸಬೇಕು: ಬುಡದಲ್ಲಿ ಕಾಲು ಇಂಚು, ಚೂಪಿನಲ್ಲಿ ಅರ್ಧ ಇಂಚು. 3 ಇಂಚು ಹೊಲಿದ ಎತ್ತರ, ಅದಕ್ಕೆ ಮುಕ್ಕಾಲು ಇಂಚು. ಹೊಲಿದ ಷಟ್ಕೋನ ಎದುರುಬದುರು ಬದಿಗಳ ನಡುವೆ 6 ಇಂಚು. ಬೇರೆ ಅಳತೆ ಬೇಕಾದರೂ ಈ ಲೆಕ್ಕವೇ.

ಒಂದು ಕಟ್ಟಿನ ಆರು ತ್ರಿಕೋನಗಳನ್ನು ಬಿಡಿಸದೆ ಒಂದೇ ಸೂಜಿಯಲ್ಲಿ ಚುಚ್ಚಿಡಿ. ಅದರ ಮೂರು ಮೂಲೆಗಳಲ್ಲಿ ಯಾವುದನ್ನು ನಡುವಿಗೆ ತಂದರೂ ಬೇರೆಯೇ ಷಟ್ಕೋನ. ಈ ಆಯ್ಕೆಯಲ್ಲೇ ಈ ಕೆಲಸದ ಖುಷಿ ಇದೆ, ಅವಸರ ಮಾಡಬೇಡಿ. ಒಂದು ಮಾತು ಮಾತ್ರ ನೆನಪಿರಲಿ: ಪಟ್ಟಿಯ ಉದ್ದಕ್ಕಿದ್ದ ಅಂಚು ಹೊಕ್ಕಿನ ನೇರಕ್ಕಿದೆ, ಉಳಿದೆರಡು ಕ್ರಾಸ್, ಎಳೆದರೆ ಹಿಗ್ಗುತ್ತವೆ. ನೇರ ಅಂಚು ಹೊರಗೆ ಬರುವಂತೆ ಜೋಡಿಸಿದ ಷಟ್ಕೋನ ಗಟ್ಟಿ. ಬೇರೆ ಮೂಲೆ ಆರಿಸಿದರೆ ಹೊರ ಅಂಚು ಕ್ರಾಸ್ ಆಗುತ್ತದೆ. ಆರಿಸಬಾರದೆಂದಲ್ಲ, ಅಂಥದನ್ನು ಎತ್ತುವಾಗ ಇಸ್ತ್ರಿ ಹಾಕುವಾಗ ಜೋಪಾನ. ಮೊದಲೇ ಹಾಕಿದ ಗಂಜಿ ಇಲ್ಲಿ ಕಾಪಾಡುತ್ತದೆ.

ಹೊಲಿಗೆ, ಮತ್ತು ನಡು ಯಾಕೆ ಉಬ್ಬಿತು

ಹೊಲಿಗೆ ಮಾರ್ಜಿನ್ ಕಾಲು ಇಂಚು. ನಿಮ್ಮ ಮಿಷನ್ ನಿಜಕ್ಕೂ ಕಾಲು ಇಂಚು ಹೊಲಿಯುತ್ತದೆಯೇ ಎಂದು ಮೊದಲು ನೋಡಿ. 1½ ಇಂಚು ಅಗಲದ ಮೂರು ಪಟ್ಟಿಗಳನ್ನು ಜೋಡಿಸಿ ಹೊಲಿದು ಇಸ್ತ್ರಿ ಹಾಕಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಬರಬೇಕು. ಕಡಿಮೆ ಬಂದರೆ ಮಾರ್ಜಿನ್ ದೊಡ್ಡದಾಗಿದೆ, ಸೂಜಿಯನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿ. 50 ತೂಕದ ಹತ್ತಿ ದಾರ, 75/11 ಅಥವಾ 80/12 ಸೂಜಿ, 2 ಮಿ.ಮೀ. ಹೊಲಿಗೆ ಉದ್ದ. ತ್ರಿಕೋನದ ಚೂಪು ತುದಿಯನ್ನು ಮಿಷನ್ ಒಳಕ್ಕೆ ಎಳೆದುಕೊಳ್ಳದಂತೆ ಒಂದು ಚೂರು ಬಟ್ಟೆಯ ಮೇಲೆ ಹೊಲಿಗೆ ಆರಂಭಿಸಿ ಹಾಗೇ ತ್ರಿಕೋನಕ್ಕೆ ದಾಟಿ.

ಈಗ ಉಬ್ಬಿನ ವಿಚಾರ. ಆರು ತ್ರಿಕೋನಗಳ ನಡುಕೋನ ಸೇರಿ 360 ಡಿಗ್ರಿ ಆಗಬೇಕು. ಮಾರ್ಜಿನ್ ಒಂದು ಸಮ ದಪ್ಪವೋ ತೆಳುವೋ ಆದರೆ ಕೋನ ಬದಲಾಗುವುದಿಲ್ಲ, ಷಟ್ಕೋನ ಚಿಕ್ಕದೋ ದೊಡ್ಡದೋ ಆಗುತ್ತದೆ ಅಷ್ಟೇ. ಕೋನ ಕೆಡುವುದು ಹೊಲಿಗೆ ಓರೆ ಹೋದಾಗ. ನಡುವಿನಲ್ಲಿ ಸರಿಯಾಗಿ ಹಿಡಿದು ಹೊರ ಅಂಚಿಗೆ ಹೋಗುವಷ್ಟರಲ್ಲಿ ಮಾರ್ಜಿನ್ ಹೆಚ್ಚಾದರೆ ಪ್ರತಿ ತ್ರಿಕೋನವೂ ಕಿರಿದಾಗಿ ಒಟ್ಟು 360ಕ್ಕಿಂತ ಕಡಿಮೆ ಬೀಳುತ್ತದೆ, ನಡು ಮೇಲೇಳುತ್ತದೆ. ನಿಮ್ಮದು ಇದು. ತಿರುಗಾಮುರುಗಾ ಆದರೆ, ನಡುವಿನಲ್ಲಿ ಹೆಚ್ಚು ಹಿಡಿದು ಹೊರಗೆ ಕಡಿಮೆ ಆದರೆ, ಕೋನ ಹೆಚ್ಚಾಗಿ ಹೊರ ಅಂಚು ಅಲೆಯಲೆಯಾಗುತ್ತದೆ.

ತಪ್ಪು ಎಷ್ಟು ಸಣ್ಣದಿದ್ದರೆ ಸಾಕು ನೋಡಿ. 3 ಇಂಚು ಉದ್ದದ ಹೊಲಿಗೆಯಲ್ಲಿ ಒಂದು ತುದಿಗೂ ಇನ್ನೊಂದು ತುದಿಗೂ 1.3 ಮಿ.ಮೀ. ವ್ಯತ್ಯಾಸವಾದರೆ ಹೊಲಿಗೆ ಸುಮಾರು 1 ಡಿಗ್ರಿ ಓರೆ. ಒಂದೊಂದು ಹೊಲಿಗೆಯೂ ಎರಡು ತ್ರಿಕೋನಗಳನ್ನು ಮುಟ್ಟುವುದರಿಂದ ಹೊಲಿಗೆಗೆ 2 ಡಿಗ್ರಿ. ಆರು ಹೊಲಿಗೆಗೆ 12 ಡಿಗ್ರಿ ಕಾಣೆ. ಅದನ್ನು ಯಾವ ಇಸ್ತ್ರಿಯೂ ಕೂರಿಸದು. ಒತ್ತಿದರೆ ನಡುವಿನಲ್ಲಿ ನೆರಿಗೆ ಬೀಳುತ್ತದೆ.

ಹೀಗಾಗದಂತೆ ತಡೆಯುವ ಉಪಾಯ: ಆರನ್ನೂ ಒಟ್ಟಿಗೆ ಹೊಲಿಯಬೇಡಿ. ಮೂರು ಮೂರರ ಎರಡು ಅರ್ಧ ಮಾಡಿ. ಹೊಲಿಗೆಗಳನ್ನು ಎರಡೂ ಕಡೆ ಬಿಡಿಸಿ ಇಸ್ತ್ರಿ ಹಾಕಿ, ಒಂದೇ ಕಡೆ ಮಡಚಿದರೆ ನಡುವಿನಲ್ಲಿ ಬಟ್ಟೆ ಗುಡ್ಡೆಯಾಗುತ್ತದೆ. ಪ್ರತಿ ಅರ್ಧದ ಉದ್ದ ಅಂಚಿಗೆ ಸ್ಕೇಲ್ ತಾಗಿಸಿ. ಅಂಚು ಒಂದೇ ಗೆರೆಯಾಗಿದ್ದರೆ ಸರಿ. ನಡು ಮಾತ್ರ ಸ್ಕೇಲಿಗೆ ತಾಗಿ ಎರಡು ತುದಿಗಳಲ್ಲಿ ಸಂದು ಕಂಡರೆ ಅದು ಉಬ್ಬುವ ಜಾತಿ. ಹೊರತುದಿಯ ಕಡೆಯಿಂದ ಹೊಲಿಗೆ ಬಿಚ್ಚಿ ನೇರವಾಗಿ ಮತ್ತೆ ಹೊಲಿಯಿರಿ, ಕತ್ತರಿಯಿಂದ ಸರಿಮಾಡಲು ಹೋಗಬೇಡಿ. ನಡುಬಿಂದುವಿನ ಮಾರ್ಜಿನ್ನೇ ಹೋಗಿಬಿಡುತ್ತದೆ. ತುದಿಗಳು ತಾಗಿ ನಡುವೆ ಸಂದು ಕಂಡರೆ ಅಲೆಯಾಗುವ ಜಾತಿ. ಮೂರು ತ್ರಿಕೋನ ಸೇರುವ ಬಿಂದುವಿನಿಂದ ಕಾಲು ಇಂಚು ಹೊರಗೆ ಸ್ಕೇಲ್ ಇಟ್ಟು, ಅದರಾಚೆ ಚಾಚಿದ ತುದಿಗಳನ್ನು ನೇರ ಕತ್ತರಿಸಿದರೆ ಸಾಕು. ಎರಡು ಅರ್ಧಗಳೂ ನೇರವಾಗಿದ್ದರೆ ಸೇರಿದ ಷಟ್ಕೋನ ಚಪ್ಪಟೆಯಾಗಿ ಬಿದ್ದೇ ಬೀಳುತ್ತದೆ.

ನೀವು ಹೊಲಿದಿರುವುದನ್ನೂ ಎಸೆಯಬೇಡಿ. ಎದುರುಬದುರಿನ ಎರಡು ಹೊಲಿಗೆ ಬಿಚ್ಚಿ ಎರಡು ಅರ್ಧ ಮಾಡಿಕೊಂಡು ಮೇಲಿನ ಪರೀಕ್ಷೆ ಮಾಡಿ.

ಜೋಡಣೆ

ಅರ್ಧಗಳನ್ನು ಆಗಲೇ ಸೇರಿಸಿ ಪೂರ್ತಿ ಷಟ್ಕೋನ ಮಾಡಿಬಿಟ್ಟರೆ ಮುಂದೆ ಮೂರು ಮೂಲೆ ಸೇರುವ ಕಡೆಯಲ್ಲೆಲ್ಲ ಹೊಲಿಗೆ ನಿಲ್ಲಿಸಿ ತಿರುಗಿಸಬೇಕಾಗುತ್ತದೆ, ಹೊಸಬರಿಗೆ ಅದು ಹಿಂಸೆ. ಗೋಡೆಗೆ ಫ್ಲಾನೆಲ್ ಬಟ್ಟೆ ಬಿಗಿದು, ಜೋಡಿ ಅರ್ಧಗಳನ್ನು ಪಕ್ಕಪಕ್ಕ ಅಂಟಿಸಿ ಇಡೀ ವಿನ್ಯಾಸ ಹರಡಿ. ಗಾಢವಾದವು ಒಂದು ಕಡೆ, ತಿಳಿಯಾದವು ಒಂದು ಕಡೆ, ನಡುವೆ ಬಣ್ಣ ನಿಧಾನವಾಗಿ ಹರಿಯುವಂತೆ ಇಟ್ಟರೆ ಒಂದೊಂದೇ ಷಟ್ಕೋನ ಕೂಗಾಡುವುದಿಲ್ಲ. ದೂರ ನಿಂತು ಫೋಟೊ ತೆಗೆದು ನೋಡಿ; ಬರಿಗಣ್ಣಿಗೆ ಕಾಣದ ಅಡ್ಡಾದಿಡ್ಡಿ ಫೋಟೊದಲ್ಲಿ ಕಾಣುತ್ತದೆ. ಮನಸ್ಸಿಗೆ ಬಂದ ಮೇಲೆ ಅರ್ಧಗಳನ್ನು ಮೇಲಿನಿಂದ ಕೆಳಕ್ಕೆ ಕಂಬಸಾಲಾಗಿ ಹೊಲಿಯಿರಿ, ಆಮೇಲೆ ಕಂಬಸಾಲುಗಳನ್ನು ಒಂದಕ್ಕೊಂದು ನೇರ ಹೊಲಿಗೆಯಲ್ಲಿ ಸೇರಿಸಿ. ಷಟ್ಕೋನ ಪೂರ್ತಿಯಾಗುವುದು ಈ ಕೊನೆಯ ಹೊಲಿಗೆಯಲ್ಲಿ.

ಅಲ್ಲಿ ಪ್ರತಿ ನಡುಬಿಂದುವಿಗೂ ಎರಡು ಪದರ ದಾಟಿ ಒಂದು ಸೂಜಿ ನೆಟ್ಟಗೆ ಚುಚ್ಚಿ, ಅದರ ಎರಡೂ ಪಕ್ಕ ಒಂದೊಂದು ಸೂಜಿ ಬಿಗಿಯಾಗಿ ಹಾಕಿ, ನಡುವಿನದನ್ನು ಹೊಲಿಗೆ ಹತ್ತಿರ ಬಂದಾಗ ತೆಗೆಯಿರಿ. ಇಡೀ ಸಾಲು ಹೊಲಿಯುವ ಮುಂಚೆ ನಡುಬಿಂದುಗಳಲ್ಲಿ ಮಾತ್ರ ಒಂದೊಂದು ಇಂಚು ಕಚ್ಚಾ ಹೊಲಿಗೆ ಹಾಕಿ ತೆರೆದು ನೋಡುವುದು ಇನ್ನೂ ಕ್ಷೇಮ. ಬಿಚ್ಚುವುದಾದರೆ ಒಂದೇ ಇಂಚು.

ಅಷ್ಟಕೋನ ಮತ್ತು ನಿಜವಾದ ಕನ್ನಡಿ ವಿನ್ಯಾಸ

ಚೌಕ, ಷಟ್ಕೋನ ಎರಡೂ ಕೈಗೆ ಹತ್ತಿದ ಮೇಲೆ ಅಷ್ಟಕೋನಕ್ಕೆ ಬನ್ನಿ. ಎಂಟು ಹೊಲಿಗೆ ಒಂದೆಡೆ ಸೇರುವುದರಿಂದ ಷಟ್ಕೋನದಲ್ಲಿ ಕ್ಷಮೆ ಸಿಕ್ಕ ತಪ್ಪಿಗೆ ಇಲ್ಲಿ ಕ್ಷಮೆ ಇಲ್ಲ. ಹೋಳಿನ ತುದಿಕೋನ 45 ಡಿಗ್ರಿ, ಬುಡದ ಕೋನಗಳು 67½ ಡಿಗ್ರಿ. ಹೊಲಿದ ಮೇಲೆ 8 ಇಂಚಿನ ಚೌಕ ಬ್ಲಾಕ್ ಬೇಕಾದರೆ ಹೋಳಿನ ಹೊಲಿದ ಎತ್ತರ 4 ಇಂಚು. ಚೂಪು ಹೆಚ್ಚಿರುವುದರಿಂದ ತುದಿಯಲ್ಲೇ ಸುಮಾರು 0.65 ಇಂಚು ಮಾರ್ಜಿನ್ನಿಗೆ ಹೋಗುತ್ತದೆ; ಹಾಗಾಗಿ ಕತ್ತರಿಸುವ ಎತ್ತರ ಸುಮಾರು 4.9 ಇಂಚು. ನಾಲ್ಕು ಮೂಲೆ ತುಂಬಲು 3¼ ಇಂಚಿನ ಎರಡು ಚೌಕಗಳನ್ನು ಕರ್ಣಕ್ಕೆ ಕತ್ತರಿಸಿ, ಹೊಲಿದ ಮೇಲೆ ಅಳತೆಗೆ ಸವರಿ. ಸಮಭುಜವಲ್ಲದ ಕಾರಣ ನಡುವಿಗೆ ಬರುವ ಮೂಲೆ ಒಂದೇ, ಆಯ್ಕೆ ಇಲ್ಲ. ಎಲ್ಲಿ ಕತ್ತರಿಸಬೇಕೆಂದು ಇಲ್ಲಿ ಮೊದಲೇ ಗೊತ್ತಿರಬೇಕು.

ಕನ್ನಡಿಯಲ್ಲಿ ಕಂಡದ್ದೇ ಬೇಕು ಎನ್ನುವ ನಿಮ್ಮ ಮೂಲ ಆಸೆ ಈಡೇರುವುದು ಈ ಹಂತದಲ್ಲಿ. ಪದರ ಜೋಡಿಸುವುದನ್ನು ಬಿಟ್ಟು, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಹೋಳಿನ ಅಚ್ಚು ಕತ್ತರಿಸಿ. ಅದರ ಮೇಲೆ ನಡುಗೆರೆ ಮತ್ತು ಕಾಲು ಇಂಚು ಒಳಗಿನ ಹೊಲಿಗೆ ಗೆರೆ ಎಳೆಯಿರಿ. ಎಡಬಲ ಸಮನಾದ ಚಿತ್ತಾರದ ನಡುಗೆರೆಗೆ ಅದನ್ನು ಹೊಂದಿಸಿ, ಕೆಳಗೆ ಕಾಣುವ ನಾಲ್ಕಾರು ಮುಖ್ಯ ಗೆರೆಗಳನ್ನು ಅಚ್ಚಿನ ಮೇಲೆಯೇ ಪೆನ್ಸಿಲ್‌ನಿಂದ ಬರೆದುಕೊಳ್ಳಿ. ಮುಂದಿನ ಏಳನ್ನೂ ಆ ಗೆರೆಗಳಿಗೆ ಕೂರಿಸಿ ಒಂದೊಂದಾಗಿ ಕತ್ತರಿಸಿ. ಮುಖ್ಯವಾಗಿ ಹೊಲಿಗೆ ಗೆರೆ ಎಡಕ್ಕೂ ಬಲಕ್ಕೂ ಒಂದೇ ಎಲೆಯ ಒಂದೇ ಜಾಗವನ್ನು ದಾಟುತ್ತಿದೆಯೇ ನೋಡಿ. ಬಟ್ಟೆ ಇಲ್ಲಿ ಹೆಚ್ಚು ವ್ಯರ್ಥವಾಗುತ್ತದೆ, ಲೆಕ್ಕ ಮೀಟರಿನಲ್ಲೂ ಅಲ್ಲ ರಿಪೀಟಿನಲ್ಲೂ ಅಲ್ಲ: ಅದೇ ಚಿತ್ತಾರ ಎಂಟು ಸಲ ಇದೆಯೇ ಎಂದು ಎಣಿಸಿ ತನ್ನಿ.

ಸಮನಾದ ಚಿತ್ತಾರವೇ ಇಲ್ಲದ ಬಟ್ಟೆಯಾದರೆ ಎರಡೂ ಮುಖದಲ್ಲಿ ಬಣ್ಣ ಒಂದೇ ಥರ ಹಿಡಿದಿರುವ ಬಟ್ಟೆ, ಬಾಟಿಕ್‌ನಂಥದು, ಕೈಹಿಡಿಯುತ್ತದೆ. ನಾಲ್ಕು ಹೋಳು ಒಳ್ಳೆಯ ಮುಖದಿಂದ, ನಾಲ್ಕು ಹೋಳು ಅಚ್ಚನ್ನು ಮಗುಚಿ ಹಿಂಬದಿಯಿಂದ ಕತ್ತರಿಸಿ ಒಂದು ಬಿಟ್ಟು ಒಂದರಂತೆ ಜೋಡಿಸಿದರೆ ಕನ್ನಡಿಯ ಲೆಕ್ಕವೇ ಬಟ್ಟೆಯಲ್ಲಿ ಬರುತ್ತದೆ. ಒಂದೇ ಮುಖಕ್ಕೆ ಮುದ್ರಿಸಿದ ಸಾಮಾನ್ಯ ಬಟ್ಟೆಯಲ್ಲಿ ಹಿಂಬದಿ ಮಂಕು, ಅದು ಆಗದು.

ಮೇಲ್ಪದರ ಮುಗಿದ ಮೇಲೆ ಕ್ವಿಲ್ಟಿಂಗ್ (ಮೇಲ್ಪದರ, ಹತ್ತಿಪದರ, ಹಿಂಬಟ್ಟೆ ಮೂರನ್ನೂ ಹಿಡಿದು ಹಾಕುವ ಹೊಲಿಗೆ) ಸರಳವಾಗಿರಲಿ. ಇಷ್ಟು ಚಿತ್ತಾರದ ನಡುವೆ ಅಲಂಕಾರದ ಹೊಲಿಗೆ ಕಾಣಿಸುವುದೂ ಇಲ್ಲ. ಷಟ್ಕೋನಗಳ ಬದಿ ಹಿಡಿದು ನೇರ ಗೆರೆಗಳಲ್ಲಿ ಹೊಲಿಯಿರಿ, ಆರು ಹೊಲಿಗೆ ಸೇರುವ ನಡುಬಿಂದುವಿನ ಮೇಲೆ ಮಿಷನ್ ಓಡಿಸಬೇಡಿ. ಅಲ್ಲಿ ಬಟ್ಟೆ ದಪ್ಪ, ಸೂಜಿ ಓರೆಯಾಗಿ ಅಷ್ಟು ಕಷ್ಟಪಟ್ಟು ಕೂರಿಸಿದ ಚೂಪನ್ನು ಎಳೆದುಬಿಡುತ್ತದೆ. ಅದಕ್ಕೂ ಮುಂಚೆ, ಹೊರ ಸುತ್ತಿನ ಅಂಚುಗಳಲ್ಲಿ ಕ್ರಾಸ್ ಇರುವ ಕಡೆ ಅಂಚಿನಿಂದ 3 ಮಿ.ಮೀ. ಒಳಗೆ ಒಂದು ಸುತ್ತು ಸಾದಾ ಹೊಲಿಗೆ ಹಾಕಿಕೊಂಡು, ಆಮೇಲೆ ಹತ್ತಿಪದರವನ್ನೂ ಹಿಂಬಟ್ಟೆಯನ್ನೂ ಸೇರಿಸಿ.